ಓಣಿ ಸುತ್ತಿದ ಕುರ್ಚಿ

ಅಜ್ಜಿಯ ಕಥೆಗಳಲ್ಲಿ ರಾಜರು ಮಾರುವೇಷದಲ್ಲಿ ಬರುತ್ತಿದ್ದರು. ಹರಕು ಕಂಬಳಿ ಹೊದ್ದು, ಮುಖಕ್ಕೆ ಮಸಿ ಬಳಿದುಕೊಂಡು, ಊರ ಕೊನೆಯ ಗುಡಿಸಲಿನ ಬಾಗಿಲು ತಟ್ಟಿ, "ತಾಯೀ, ಒಂದು ಲೋಟ ನೀರು" ಅನ್ನುತ್ತಿದ್ದರು. ಬಂದವನು ಯಾರೆಂದು ಗೊತ್ತಿಲ್ಲದ ಗುಡಿಸಲಿನವಳು ನೀರು ಕೊಡುತ್ತಾ ಕೊಡುತ್ತಾ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತಿದ್ದಳು. ಒಲೆ ಹತ್ತಿಲ್ಲ, ಮಗುವಿಗೆ ಜ್ವರ, ಮಾಡು ಸೋರುತ್ತದೆ. ಬೆಳಗಾಗುವಷ್ಟರಲ್ಲಿ ಅವಳ ಬಾಗಿಲಲ್ಲಿ ಧಾನ್ಯದ ಮೂಟೆ ಬಂದು ಕೂತಿರುತ್ತಿತ್ತು.

ಈಗಿನ ರಾಜರು ಮುಂಚೆಯೇ ಹೇಳಿ ಕಳಿಸಿ ಬರುತ್ತಾರೆ.

ಹಾಗೆ ಹೇಳಿ ಕಳಿಸಿದ ಸುದ್ದಿಯನ್ನು ಕೆಳಗಿನ ಓಣಿಗೆ ಮುಟ್ಟಿಸಿದವಳು ಟಿಕ್ಕಮ್ಮ. ಅದು ಅವಳ ಹೆಸರಲ್ಲ. ಪುರಸಭೆಯಲ್ಲಿ ಮನೆ ಮನೆ ತಿರುಗಿ ನಲ್ಲಿ ಇದೆಯೇ, ಬಚ್ಚಲು ಇದೆಯೇ ಎಂದು ಟಿಕ್ ಹಾಕುವ ಕೆಲಸ ಸಿಕ್ಕ ದಿನವೇ ಓಣಿಯವರು ಹಳೆಯ ಹೆಸರನ್ನು ಮಡಿಸಿಟ್ಟು ಇದನ್ನು ಅಂಟಿಸಿದ್ದರು. ಹುಟ್ಟಿ ಬೆಳೆದ ಓಣಿ. ತಾಯಿ ಇಲ್ಲದ ಅವಳನ್ನು ಸಾಕಿದ ಚಿಕ್ಕಮ್ಮ ಇಂದಿಗೂ ಅಲ್ಲೇ, ಚರಂಡಿಯ ಪಕ್ಕದ ಒಂಟಿ ಕೋಣೆಯಲ್ಲಿದ್ದಾಳೆ. ಹೋಟೆಲಿನ ಪಾತ್ರೆ ತೊಳೆದು ತೊಳೆದು ಚಿಕ್ಕಮ್ಮನ ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿ ಹೋಗಿವೆ. ಚಿಕ್ಕಮ್ಮನ ಮಗಳು ಆಸ್ಪತ್ರೆಯ ಬಟ್ಟೆ ಒಗೆಯುವ ಕಟ್ಟೆಗೆ ಹೋಗುತ್ತಾಳೆ. ಆ ತಂಗಿಯ ಮಗ ಗುಂಡು ಇನ್ನೂ ಗೋಡೆ ಹಿಡಿದು ನಡೆಯುವ ಕೂಸು. ಹಗಲಿಡೀ ಅವನಿರುವುದು ಓಣಿಯ ತುದಿಯ ಮಕ್ಕಳ ಮನೆಯಲ್ಲಿ.

ಮಕ್ಕಳ ಮನೆ ಎಂದರೆ ಪುರಸಭೆಯ ಒಂದು ಉದ್ದನೆಯ ಕೋಣೆ. ನೀಲಿ ಗೋಡೆ, ಸಾಲಾಗಿ ತೊಟ್ಟಿಲು, ಒಬ್ಬ ಟೀಚರು, ಮಧ್ಯಾಹ್ನಕ್ಕೆ ಬಿಸಿ ಗಂಜಿ. ಕೆಲಸಕ್ಕೆ ಹೋಗುವ ತಾಯಂದಿರು ಮಕ್ಕಳನ್ನು ಅಲ್ಲಿ ಬಿಟ್ಟು, ಹಿಂತಿರುಗಿ ನೋಡದೆ ಓಡುತ್ತಾರೆ. ಟಿಕ್ಕಮ್ಮ ಕೂಸಾಗಿದ್ದಾಗ ಅದು ಇರಲಿಲ್ಲ. ಚಿಕ್ಕಮ್ಮ ಕೆಲಸಕ್ಕೆ ಹೋಗುವ ಮುಂಚೆ ಹಳೆಯ ಬಟ್ಟೆಯ ಪಟ್ಟಿಯೊಂದನ್ನು ಅವಳ ಕಾಲಿಗೆ ಕಟ್ಟಿ, ಇನ್ನೊಂದು ತುದಿಯನ್ನು ಮಂಚದ ಕಾಲಿಗೆ ಬಿಗಿಯುತ್ತಿದ್ದಳು. ಇಲ್ಲದಿದ್ದರೆ ಚರಂಡಿ ಎರಡೇ ಮಾರು ದೂರ. ಮಂಚದ ಮೇಲೆ ಕಣ್ಣು ಕಾಣದ ಅಜ್ಜಿ. ಕೂಸು ಕಾಲು ಜಗ್ಗಿ ರಚ್ಚೆ ಹಿಡಿದಾಗಲೆಲ್ಲ ಅಜ್ಜಿ ಕಥೆಯೊಳಗೆ ಇನ್ನೊಬ್ಬ ರಾಜನನ್ನು ಕರೆದು ತರುತ್ತಿದ್ದಳು. ಹಾಗೆ ಜಗ್ಗಿ ಜಗ್ಗಿಯೇ ಟಿಕ್ಕಮ್ಮ ಅಷ್ಟೊಂದು ರಾಜರನ್ನು ಕಂಡದ್ದು. ಕಣಕಾಲಿನ ಸುತ್ತ ಇವತ್ತಿಗೂ ಬಳೆಯಂಥ ಒಂದು ಕಪ್ಪು ಗೆರೆಯಿದೆ.

ಈ ಸಲದ ತಪಾಸಣೆಯ ಬಗ್ಗೆ ಅವಳಿಗೆ ಚಿಂತೆ ಇರಲಿಲ್ಲ. ಲೆಕ್ಕ ಸರಳವಾಗಿತ್ತು. ನಲ್ಲಿ, ಬಚ್ಚಲು, ದೀಪ, ಫ್ಯಾನು, ಕುರ್ಚಿ. ಈ ಐದರಲ್ಲಿ ಮೂರು ಇದ್ದರೆ ಅದು ಬಡತನ ದಾಟಿ 'ದಡ ಸೇರಿದ ಮನೆ'. ಅಂಥ ಮನೆಗಳೇ ಹೆಚ್ಚಾದರೆ ವಾರ್ಡೇ ದಡ ಸೇರಿದಂತೆ. ದಡ ಸೇರಿದ ವಾರ್ಡಿಗೆ ಮಕ್ಕಳ ಮನೆ ಯಾಕೆ? ಅದನ್ನು ಕಿತ್ತು ಇನ್ನೂ ಮುಳುಗುತ್ತಿರುವ ಬೇರೆ ವಾರ್ಡಿಗೆ ಕೊಡುತ್ತಾರೆ. ಕೆಳಗಿನ ಓಣಿಯಲ್ಲಿ ಮನೆಗೊಂದು ದೀಪವಿತ್ತು, ಪುರಸಭೆಯೇ ಹಾಕಿಸಿದ್ದು. ನಲ್ಲಿ ಓಣಿಗೆಲ್ಲ ಒಂದು. ಬಚ್ಚಲೆಂದರೆ ನಾಲ್ಕು ತಗಡು. ಫ್ಯಾನು, ಕುರ್ಚಿಯ ಮಾತೇ ಇಲ್ಲ. ಓಣಿ ನಿಶ್ಚಿಂತೆಯಾಗಿ ಬಡವಾಗಿತ್ತು.

ಆ ನಿಶ್ಚಿಂತೆಯಲ್ಲೇ ಅವಳು ಬಾಯಿ ಬಿಟ್ಟದ್ದು.

"ಮೇಲಿನ ಕಚೇರಿಯಿಂದ ಒಬ್ರು ಮೇಡಂ ಬರ್ತಾರೆ ಚಿಕ್ಕಮ್ಮಾ. ಹೋದ ವರ್ಷ ಬಂದಿದ್ರಲ್ಲ, ಆ ಉರಿಮೂತಿ ಅಲ್ಲ. ಇವರು ಒಳ್ಳೆಯೋರು. ಪಾಪ, ಮೊಣಕಾಲು ಹಿಡ್ಕೊಂಡ್ಬಿಟ್ಟಿದೆ. ನೆಲದ ಮೇಲೆ ಕೂತ್ರೆ ಏಳೋಕಾಗಲ್ಲ. ಸೆಕೆ ಬೇರೆ ತಡಿಯಲ್ಲ ಅವರಿಗೆ."

"ಅಯ್ಯೋ, ಹೌದಾ?" ಎಂದಳು ಚಿಕ್ಕಮ್ಮ. ಪಾತ್ರೆ ಉಜ್ಜುತ್ತಿದ್ದ ಕೈ ಅರೆಗಳಿಗೆ ನಿಂತಿತು. "ಹಂಗಾದ್ರೆ ಎಲ್ಲಿ ಕೂರ್ಸೋದೇ ಅವರನ್ನ?"

ಅಷ್ಟೇ ಮಾತು. ಟಿಕ್ಕಮ್ಮ ಅದನ್ನು ಅಲ್ಲೇ ಮರೆತಳು. ಚಿಕ್ಕಮ್ಮ ಮರೆಯಲಿಲ್ಲ.

ತಪಾಸಣೆಯ ಬೆಳಿಗ್ಗೆ ಮೇಡಂ ಜೀಪಿನಿಂದ ಒಂದೊಂದೇ ಕಾಲು ಇಳಿಸಿದರು. ದಪ್ಪ ಕನ್ನಡಕ, ಕೈಯಲ್ಲಿ ಫೋಟೊ ತೆಗೆಯುವ ಟ್ಯಾಬ್. "ನಡೀರಿ, ಕಣ್ಣಿಗೆ ಕಂಡಿದ್ದನ್ನ ಬರ್ಕೊಂಡು ಬಂದ್ಬಿಡೋಣ" ಎಂದು ನಕ್ಕರು. ನಿಯಮವೂ ಅದೇ ಆಗಿತ್ತು. ಮನೆಯವರನ್ನು ಕೇಳುವಂತಿಲ್ಲ, ಕಂಡದ್ದಕ್ಕೆ ಫೋಟೊ ಮತ್ತು ಟಿಕ್. ಕೇಳಿದರೆ ಜನ ಸುಳ್ಳು ಹೇಳುತ್ತಾರಂತೆ. ವಸ್ತುಗಳು ಹೇಳುವುದಿಲ್ಲವಂತೆ.

ಮೊದಲ ಮನೆ ದರ್ಜಿ ಮಾವನದು. ಬಾಗಿಲ ಬಳಿ ಹೊಲಿಗೆ ಯಂತ್ರ, ಅದರ ಹಿಂದೆ ಅವನ ಕುರ್ಚಿ. ಹಳೆಯ ರೈಲು ನಿಲ್ದಾಣದ ಸಾಮಾನು ಹರಾಜಾದಾಗ ತಂದದ್ದು, ಅಚ್ಚ ಕಬ್ಬಿಣ, ಹಸಿರು ಬಣ್ಣ, ಎಡಗೈಯ ಮೇಲೆ ಬಣ್ಣ ಸವೆದು ಬೆಳ್ಳಿಯಂತೆ ಹೊಳೆಯುತ್ತದೆ. ಇಬ್ಬರು ಹಿಡಿಯದೆ ಅದು ಜಗ್ಗುವುದಿಲ್ಲ. ಪಕ್ಕದಲ್ಲಿ, ಕತ್ತು ವಾಲಿಸಿಕೊಂಡು ತಿರುಗುವ ಟೇಬಲ್ ಫ್ಯಾನು. ದುಡಿಯುವವನ ಕುರ್ಚಿ, ದುಡಿಯುವವನ ಫ್ಯಾನು. ಓಣಿಯಲ್ಲಿ ಅವೆರಡು ಇದ್ದದ್ದು ಅದೊಂದೇ ಮನೆಯಲ್ಲಿ. ಮೇಡಂ ಕೂತರು, ಗಾಳಿಗೆ ಮುಖವೊಡ್ಡಿದರು, ಫೋಟೊ ತೆಗೆದರು. ಸರಿಯಾಗಿಯೇ ಇತ್ತು.

ಎರಡನೆಯ ಮನೆಗೆ ಕಾಲಿಟ್ಟ ಟಿಕ್ಕಮ್ಮ ಹೊಸಿಲಲ್ಲೇ ನಿಂತುಬಿಟ್ಟಳು.

ಕೋಣೆಯ ನಟ್ಟನಡುವೆ, ಸಾರಿಸಿದ ನೆಲದ ಮೇಲೆ, ಹಸಿರು ಕುರ್ಚಿ ಮಹಾರಾಜನ ಹಾಗೆ ಕೂತಿತ್ತು. ದೀಪದ ಹೋಲ್ಡರಿನಿಂದ ಎಳೆದ ತಂತಿಯ ತುದಿಯಲ್ಲಿ ಫ್ಯಾನು ಕತ್ತು ವಾಲಿಸಿ ತಿರುಗುತ್ತಿತ್ತು. ಮೇಡಂ ಬಾಗಿಲಲ್ಲಿ ಚಪ್ಪಲಿ ಬಿಡಲು ತಡಮಾಡಿದ್ದರು. ಅಷ್ಟರಲ್ಲೇ ಹಿತ್ತಿಲ ಸಂದಿಯಿಂದ ಅವು ದಾಟಿ ಬಂದಿದ್ದವು. ಮನೆಯಾಕೆ ಕುರ್ಚಿಯನ್ನು ಅಂಗೈಯಿಂದ ಒರೆಸಿ, "ಬನ್ನಿ ಅಮ್ಮಾ, ಕೂತ್ಕೊಳ್ಳಿ. ಕಾಲು ನೋವಂತಲ್ಲ" ಎಂದಳು. ಅವಳ ಮುಖದಲ್ಲಿ ಅಂಥ ಬೆಳಕನ್ನು ಟಿಕ್ಕಮ್ಮ ಎಂದೂ ಕಂಡಿರಲಿಲ್ಲ. ಆ ಮನೆಗೆ ಬಂದ ಯಾರಿಗೂ ಅವಳು ಇದುವರೆಗೆ ಕೂತ್ಕೊಳ್ಳಿ ಎಂದು ಕುರ್ಚಿ ತೋರಿಸಿರಲಿಲ್ಲ.

ಮೇಡಂ ಕೂತರು. ಫೋಟೊ. ಕುರ್ಚಿಗೆ ಟಿಕ್. ಫ್ಯಾನಿಗೆ ಟಿಕ್. ದೀಪ ಇದ್ದೇ ಇತ್ತು. ಮನೆ ದಡ ಸೇರಿತು.

ಅಜ್ಜಿಯ ಕಥೆಗಳಲ್ಲಿ ಮಂಚ ನಡೆಯುತ್ತಿತ್ತು, ಒನಕೆ ಮಾತಾಡುತ್ತಿತ್ತು. ಮೂರನೆಯ ಮನೆಯಲ್ಲೂ ಕುರ್ಚಿ ಕಾದು ಕೂತದ್ದನ್ನು ಕಂಡಾಗ ಟಿಕ್ಕಮ್ಮನಿಗೆ ಒಂದು ಗಳಿಗೆ ನಗುವೇ ಬಂತು. ಮುಂದಿನ ಬಾಗಿಲಿನಿಂದ ರಾಜ ಬರುವಷ್ಟರಲ್ಲಿ ಹಿಂದಿನ ಬಾಗಿಲಿನಿಂದ ಸಿಂಹಾಸನ ಬಂದು ಸೇರುವ ಕಥೆ. ಮರುಗಳಿಗೆ ನೀಲಿ ಗೋಡೆಯ ಕೋಣೆ ಕಣ್ಣ ಮುಂದೆ ಬಂತು. ನೀರು ತರುವ ನೆಪ ಹೇಳಿ ಹಿತ್ತಿಲಿಗೆ ಓಡಿದಳು. ಸಂದಿಯಲ್ಲಿ ದರ್ಜಿ ಮಾವ ಮತ್ತು ತಳ್ಳುಗಾಡಿಯವನು ಬೆವರು ಒರೆಸಿಕೊಳ್ಳುತ್ತಾ ನಿಂತಿದ್ದರು.

"ಮಾವಾ, ಸಾಕು ನಿಲ್ಸಿ! ಆ ಕುರ್ಚಿನ ನಿಮ್ಮನೆಗೆ ತಗೊಂಡ್ಹೋಗಿ."

"ಸುಮ್ನಿರಮ್ಮಾ ತಾಯಿ. ಮೊಣಕಾಲು ಅಂದೋಳು ನೀನು, ಬೆನ್ನು ಮುರ್ಕೊಳ್ತಿರೋರು ನಾವು" ಎಂದ ದರ್ಜಿ.

"ಕುರ್ಚಿ ಕಂಡ್ರೆ ಟಿಕ್ ಹಾಕ್ತಾರೆ ಮಾವಾ! ಕುರ್ಚಿ, ಫ್ಯಾನು ಎರಡೂ ಕಂಡ್ರೆ ನಾವು ಬಡವರಲ್ಲ ಅಂತ ಆಗುತ್ತೆ. ಮಕ್ಕಳ ಮನೆ ಹೋಗುತ್ತೆ!"

ತಳ್ಳುಗಾಡಿಯವನು ಹಲ್ಲು ಕಿರಿದ. "ಒಂದು ಕುರ್ಚಿಲಿ ಬಡತನ ಹೋಗೋದಾದ್ರೆ ನಾನು ಯಾವತ್ತೋ ಹೊತ್ಕೊಂಡು ಬಂದಿರ್ತಿದ್ದೆ ಬಿಡವ್ವಾ."

ಆದರೂ ಅವಳ ಕಣ್ಣಲ್ಲಿ ನೀರು ಕಂಡು ದರ್ಜಿ ತಣ್ಣಗಾದ. ಮೂರನೆಯ ಮನೆಯಿಂದ ಹೊರಬಂದ ಕುರ್ಚಿ, ಫ್ಯಾನು ಸಂದಿಯಲ್ಲೇ ನಿಂತವು.

ನಾಲ್ಕನೆಯದು ಗಂಟೆಯಕ್ಕನ ಮನೆ. ಮಾತಾಡಿದರೆ ಓಣಿಯ ಆ ತುದಿಗೆ ಕೇಳುತ್ತದೆಂದು ಆ ಹೆಸರು. ಮೇಡಂ ಒಳಗೆ ಬಂದರು, ಅತ್ತಿತ್ತ ನೋಡಿದರು, ಒಂದು ಕೈ ಗೋಡೆಗೆ, ಒಂದು ಕೈ ಟಿಕ್ಕಮ್ಮನ ಹೆಗಲಿಗೆ ಕೊಟ್ಟು, ಹಲ್ಲು ಕಚ್ಚಿ ನೆಲಕ್ಕೆ ಕುಸಿದರು. ಮೊಣಕಾಲು ಲಟಕ್ಕೆಂದದ್ದು ಎಲ್ಲರಿಗೂ ಕೇಳಿಸಿತು. ಗಂಟೆಯಕ್ಕನ ಮುಖ ಕಪ್ಪಿಟ್ಟಿತು. ಹಿತ್ತಿಲ ಬಾಗಿಲಿಗೂ ಟಿಕ್ಕಮ್ಮನ ಮುಖಕ್ಕೂ ನಾಲ್ಕು ಸಲ ಕಣ್ಣು ಓಡಿಸಿದಳು. ಅವಳ ಗಂಟಲಿನಿಂದ ಆ ದಿನ ಮೊದಲ ಬಾರಿಗೆ ಪಿಸುಮಾತು ಹೊರಟಿತು.

"ಪಕ್ಕದ ಮನೇಲಿ ಕುರ್ಚಿ ಹಾಕಿ ಕೂರಿಸ್ತೀಯ, ನಮ್ಮನೆಗೆ ಬಂದಾಗ ನೆಲ ತೋರಿಸ್ತೀಯ? ನಾನೇನು ಮಾಡಿದ್ದೆ ಕಣೇ ನಿನಗೆ? ನೀನು ಜ್ವರ ಬಂದು ಬಿದ್ದಾಗ ಹೆಗಲ ಮೇಲೆ ಹಾಕ್ಕೊಂಡು ಆಸ್ಪತ್ರೆಗೆ ಓಡಿದೋಳು ನಾನು."

ಮೇಡಂ ಏಳುವಾಗ ಇಬ್ಬರು ಎತ್ತಬೇಕಾಯಿತು. ಗಂಟೆಯಕ್ಕ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಟಿಕ್ಕಮ್ಮನಿಗೆ ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು. ಐದನೆಯ ಮನೆಗೆ ಹೋದಾಗ ಕುರ್ಚಿ ಫ್ಯಾನಿನ ಸಮೇತ ಮತ್ತೆ ನಡುಮನೆಯಲ್ಲಿ ಬಂದು ಕೂತಿತ್ತು. ಸಂದಿಯಲ್ಲಿದ್ದ ಅದನ್ನು ಈ ಸಲ ಹೊತ್ತು ತಂದವಳು ಚಿಕ್ಕಮ್ಮ, ಜೊತೆಗೆ ತಳ್ಳುಗಾಡಿಯವನು. ಅಲ್ಲಿಂದ ಮುಂದೆ ಓಣಿಯ ಕೊನೆಯವರೆಗೂ ಟಿಕ್ಕಮ್ಮ ಬಾಯಿಗೆ ಬೀಗ ಹಾಕಿಕೊಂಡೇ ನಡೆದಳು. ಚಿಕ್ಕಮ್ಮನ ಕೋಣೆಯಲ್ಲಿ ಕುರ್ಚಿ ಹಾಕಿದ ಮೇಲೆ ಇಬ್ಬರು ನಿಲ್ಲಲು ಜಾಗವಿರಲಿಲ್ಲ. ಚಿಕ್ಕಮ್ಮ ಹೊಸಿಲಾಚೆ ನಿಂತು, "ಗಾಳಿ ಬರ್ತಿದೆಯಾ ಅಮ್ಮಾ?" ಎಂದು ವಿಚಾರಿಸುತ್ತಿದ್ದಳು.

ಕಚೇರಿಯ ಮೆಟ್ಟಿಲಲ್ಲಿ ಟಿಕ್ಕಮ್ಮ ಮೇಡಮ್ಮನವರನ್ನು ತಡೆದಳು. "ಮೇಡಂ, ಅದು... ಎಲ್ಲಾ ಮನೇಲೂ ಇದ್ದಿದ್ದು ಒಂದೇ ಕುರ್ಚಿ."

"ಗೊತ್ತು" ಎಂದರು ಮೇಡಂ, ಕಂಬಿ ಹಿಡಿದು ಒಂದು ಮೆಟ್ಟಿಲು ಏರಿ. "ಎಡಗೈ ಸವೆದಿದ್ದು. ಎಲ್ಲಾ ಫೋಟೋದಲ್ಲೂ ಹೊಳೀತಿದೆ."

"ಮತ್ತೆ ಟಿಕ್ ಹಾಕಿದ್ರಲ್ಲಾ?"

"ಫೋಟೊ ತೆಗೆದ ಕೂಡಲೇ ಅದು ತಾನೇ ಹಾಕ್ಕೊಳುತ್ತೆ ಕಣ್ರೀ. ತೆಗೆಯದೇ ಇದ್ರೆ ಮನೆ ನೋಡೇ ಇಲ್ಲ ಅಂತ ನನ್ನ ಮೇಲೆ ಬರುತ್ತೆ. ಅಳಿಸೋ ಅಧಿಕಾರ ನನಗಿಲ್ಲ." ಮೇಡಂ ನಿಂತು ಉಸಿರೆಳೆದುಕೊಂಡರು. "ಒಂದು ದಾರಿ ಇದೆ. ಮನೆಯೋರೇ ಬರ್ಕೊಡ್ಬೇಕು. 'ತೋರಿಸಿದ ವಸ್ತು ನನ್ನದಲ್ಲ, ತಪಾಸಣೆಗೆ ಸುಳ್ಳು ತೋರಿಸಿದ್ದೇನೆ' ಅಂತ. ಮಾತು ಅದೇ ಇರ್ಬೇಕು, ಬದಲಾಯಿಸೋ ಹಾಗಿಲ್ಲ. ಅರ್ಧ ಓಣಿ ಬರ್ಕೊಟ್ರೆ ನಾನು ಮೇಲೆ ಕಳಿಸ್ತೀನಿ. ಶುಕ್ರವಾರದೊಳಗೆ ತನ್ನಿ."

ಬಾಗಿಲಲ್ಲಿ ಮುಖ್ಯಾಧಿಕಾರಿ ಕೈ ಉಜ್ಜಿಕೊಳ್ಳುತ್ತಾ ನಿಂತಿದ್ದರು. ಪುರಸಭೆಯ ಗೋಡೆಯಲ್ಲಿ ವಾರ್ಡುಗಳ ನಕ್ಷೆಯೊಂದಿತ್ತು. ಕೆಂಪು ಬಡವರದು, ಹಸಿರು ದಡ ಸೇರಿದವರದು. ಕೆಳಗಿನ ಓಣಿಯ ವಾರ್ಡು ಅವರು ಬರುವ ಮುಂಚಿನಿಂದಲೂ ಕೆಂಪಾಗಿ ಕಣ್ಣು ಕುಕ್ಕುತ್ತಿತ್ತು. "ಆಯ್ತಾ ಮೇಡಂ? ಜನ ಹೇಗೆ ಬೆಳೆದಿದ್ದಾರೆ ನೋಡಿದ್ರಾ?" ಎಂದರು.

ಟಿಕ್ಕಮ್ಮ ಕಾಗದ, ಮಸಿಡಬ್ಬಿ ಹಿಡಿದು ಮನೆ ಮನೆ ತಿರುಗಿದಳು. ಮೊದಲು ಹೋದದ್ದು ಗಂಟೆಯಕ್ಕನಲ್ಲಿಗೆ. ಅವಳದೊಂದೇ ಮನೆಯಲ್ಲಿ ಕುರ್ಚಿ ಕಂಡಿರಲಿಲ್ಲ. ಅವಳು ಬರೆದುಕೊಡಬೇಕಾದ್ದೇನೂ ಇರಲಿಲ್ಲ. ಆದರೆ ಅವಳು ಒಂದು ಮಾತು ಹೇಳಿದರೆ ಓಣಿ ಕೇಳುತ್ತಿತ್ತು.

"ಓದಿ ಹೇಳು, ಏನು ಬರೆದಿದೆ" ಎಂದಳು ಗಂಟೆಯಕ್ಕ.

ಓದಿದಳು.

"ಸುಳ್ಳು ತೋರಿಸಿದ್ದೇನೆ ಅಂತಾನಾ? ಏನು ಸುಳ್ಳು ತೋರಿಸಿದ್ರು ಅವರು? ಕಾಲು ನೋವಿನ ಹೆಂಗಸಿಗೆ ಕೂತ್ಕೊಳ್ಳಮ್ಮಾ ಅಂದ್ರು. ಅದಕ್ಕೆ ಸುಳ್ಳುಗಾರರು ಅಂತ ಹೆಬ್ಬೆಟ್ಟು ಒತ್ತಬೇಕಾ? ನನ್ನ ಬಾಯಲ್ಲಿ ಈ ಮಾತು ಯಾರಿಗೂ ಹೇಳಿಸ್ಬೇಡ ಕಣೇ."

ಎರಡನೆಯ ಮನೆಯಾಕೆ ಮೂಗು ಮುರಿದಳು. "ನಿಮ್ಮ ಕಾಗದದ ಸಹವಾಸವೇ ಬೇಡ. ಇವತ್ತು ಸುಳ್ಳು ಅಂತ ಬರೆಸ್ಕೊಳ್ತೀರ, ನಾಳೆ ಅದನ್ನೇ ಹಿಡ್ಕೊಂಡು ದೀಪ ಕಿತ್ಕೊಂಡು ಹೋಗ್ತೀರ." ಮೂರನೆಯವಳು, "ಮಕ್ಕಳ ಮನೆ ಹೇಗೆ ಮುಚ್ತಾರೆ? ಒಳಗೆ ಅಷ್ಟು ಮಕ್ಕಳಿರೋದು ಕಾಣಲ್ವಾ ಅವರಿಗೆ?" ಎಂದು ಟಿಕ್ಕಮ್ಮನಿಗೇ ಧೈರ್ಯ ಹೇಳಿದಳು. ಇನ್ನೊಬ್ಬಳು ಗಂಡನನ್ನು ಕೇಳಬೇಕೆಂದಳು. ಅವನು ಹೆಂಡತಿಯನ್ನು ಕೇಳಬೇಕೆಂದ. ದರ್ಜಿ ಮಾವ ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, "ನಂದಂತೂ ನನ್ನದೇ ಕುರ್ಚಿ. ಒತ್ತಿದ್ರೆ ಅದೇ ಸುಳ್ಳಾಗುತ್ತೆ" ಎಂದು ನಿಟ್ಟುಸಿರು ಬಿಟ್ಟ.

"ಅಷ್ಟೆಲ್ಲಾ ಕಥೆ ಹೇಳ್ತೀಯಲ್ಲ, ಆ ಮೇಡಂ ಮುಂದೆ ಒಂದು ಕಥೆ ಹೇಳಕ್ಕಾಗಲಿಲ್ವಾ ಅಕ್ಕಾ ನಿಂಗೆ?" ಎಂದಳು ತಂಗಿ. ಗುಂಡುವನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ಸೋಪಿನ ನೀರಿಗೆ ಕೆಂಪೆದ್ದ ಕೈಗಳು ಅವನ ಬೆನ್ನು ತಟ್ಟುತ್ತಿದ್ದವು. ಅವಳ ಮಾತಿನಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಸುಸ್ತಿತ್ತು.

ಚಿಕ್ಕಮ್ಮ ಬೆರಳನ್ನು ಮಸಿಗೆ ಅದ್ದಿ ಒತ್ತಿದಳು. ಪಾತ್ರೆ ತೊಳೆದು ಸವೆದ ಹೆಬ್ಬೆರಳಲ್ಲಿ ಗೆರೆಯೇ ಇರಲಿಲ್ಲ. ಕಾಗದದ ಮೇಲೆ ಒಂದು ಕಪ್ಪು ಬೊಟ್ಟು ಮಾತ್ರ ಮೂಡಿತು. ಇನ್ನೊಮ್ಮೆ ಒತ್ತಿದಳು. ಇನ್ನೊಂದು ಬೊಟ್ಟು.

ಶುಕ್ರವಾರ ಟಿಕ್ಕಮ್ಮ ಆ ಒಂದು ಕಾಗದವನ್ನು ಮೇಡಂ ಮೇಜಿನ ಮೇಲಿಟ್ಟಳು. ಮೇಡಂ ಬಹಳ ಹೊತ್ತು ಅದನ್ನು ನೋಡಿದರು. "ಇದರಲ್ಲಿ ಬೆರಳಿನ ಗುರುತು ಮೂಡಿಲ್ಲವಲ್ಲ" ಎಂದು ಮೆಲ್ಲಗೆ ಹೇಳಿ ಹಿಂದಕ್ಕೆ ಸರಿಸಿದರು. ಆಮೇಲೆ ಕನ್ನಡಕ ತೆಗೆದು ಒರೆಸುತ್ತಾ, "ಅವತ್ತು ನಾಲ್ಕನೇ ಮನೇಲಿ ಕೂತೆನಲ್ಲ, ಅದೊಂದೇ ಸರಿಯಾಗಿ ತಪಾಸಣೆ ಮಾಡಿದ ಮನೆ" ಎಂದರು. ಒಳ್ಳೆಯ ಹೆಂಗಸೇ. ಆದರೆ ಆ ಒಳ್ಳೆಯತನಕ್ಕೆ ಟ್ಯಾಬಿನಲ್ಲಿ ಜಾಗವಿರಲಿಲ್ಲ.

ನಕ್ಷೆಯಲ್ಲಿ ವಾರ್ಡು ಹಸಿರಾಯಿತು. ಮುಖ್ಯಾಧಿಕಾರಿಗೆ ಮೇಲಿನಿಂದ ಹೊಳೆಯುವ ಫಲಕವೊಂದು ಬಂತು. ಓಣಿಯ ಬಾಯಲ್ಲಿ ತಗಡಿನ ಬೋರ್ಡು ನೆಟ್ಟರು: 'ದಡ ಸೇರಿದ ವಾರ್ಡಿಗೆ ಸ್ವಾಗತ'. ಅದರ ಕಂಬಕ್ಕೆ ತೋಡಿದ ಗುಂಡಿಯ ಮಣ್ಣು ಚರಂಡಿಗೆ ಬಿದ್ದು ನೀರು ಕಟ್ಟಿ ನಿಂತಿತು.

ಲಾರಿ ಬಂದದ್ದು ಒಂದು ಹಗಲು, ತಾಯಂದಿರು ಯಾರೂ ಇಲ್ಲದ ಹೊತ್ತಿನಲ್ಲಿ. ತೊಟ್ಟಿಲುಗಳನ್ನು ಒಂದರ ಮೇಲೊಂದು ಬೋರಲು ಹಾಕಿ ಹಗ್ಗ ಬಿಗಿದರು. ಗಂಜಿಯ ದೊಡ್ಡ ಪಾತ್ರೆ, ಮರದ ಆನೆ, ಚಾಪೆಯ ಸುರುಳಿ. ಟೀಚರು ಮಕ್ಕಳನ್ನು ಗೋಡೆಯುದ್ದಕ್ಕೂ ಕೂರಿಸಿ, ಒಬ್ಬೊಬ್ಬರ ಮೂಗನ್ನೂ ಕೊನೆಯ ಸಲ ಒರೆಸುತ್ತಿದ್ದರು. ಗುಂಡುವಿಗೆ ಲಾರಿ ಹಿಡಿಸಿತು. ಅದು ಹೊರಟಾಗ ಎರಡೂ ಕೈ ಬೀಸಿ ಕೇಕೆ ಹಾಕಿದ. ಸಾಮಾನಿನ ಲೆಕ್ಕಕ್ಕೆಂದು ಕಚೇರಿಯಿಂದ ಕಳಿಸಿದ್ದ ಟಿಕ್ಕಮ್ಮ ಒಂದೊಂದು ತೊಟ್ಟಿಲಿಗೂ ಟಿಕ್ ಹಾಕಿದಳು.

ತಂಗಿ ಕೆಲವು ದಿನ ಅವನನ್ನು ಬೆನ್ನಿಗೆ ಕಟ್ಟಿಕೊಂಡೇ ಒಗೆಯುವ ಕಟ್ಟೆಗೆ ಹೋದಳು. ರಕ್ತ, ಕೀವು ಅಂಟಿದ ಬಟ್ಟೆಗಳ ನಡುವೆ ಕೂಸು ಇರಕೂಡದೆಂದು ಮೇಸ್ತ್ರಿ ತಡೆದ. ನಾಳೆಯಿಂದ ಬಂದರೆ ಒಬ್ಬಳೇ ಬಾ, ಇಲ್ಲದಿದ್ದರೆ ಬರಲೇಬೇಡ ಎಂದ. ಕೆಲಸ ಬಿಟ್ಟರೆ ಕೋಣೆಯ ಬಾಡಿಗೆಗೆ ದಾರಿಯಿಲ್ಲ. ಚಿಕ್ಕಮ್ಮ ಹೋಟೆಲಿನಿಂದ ಬರುವುದು ಮಧ್ಯಾಹ್ನ ದಾಟಿದ ಮೇಲೆ. ಟಿಕ್ಕಮ್ಮನಿಗೆ ಪಕ್ಕದ ವಾರ್ಡಿನ ತಪಾಸಣೆ ಶುರುವಾಗಿತ್ತು.

ಆ ಬೆಳಿಗ್ಗೆ ಅವಳು ಕಚೇರಿಯ ದಾರಿಯಲ್ಲಿ ಚಿಕ್ಕಮ್ಮನ ಕೋಣೆಗೆ ಇಣುಕಿದಾಗ ಹಸಿರು ಕುರ್ಚಿ ಮತ್ತೆ ಅಲ್ಲಿಗೆ ಬಂದಿತ್ತು. ಗೋಡೆಗೆ ಒತ್ತಿ ಇಟ್ಟಿದ್ದರು. ದರ್ಜಿ ಮಾವ ಹೊರಗೆ ಮುಖ ತಿರುಗಿಸಿಕೊಂಡು ನಿಂತಿದ್ದ.

"ನಾನು ಸ್ಟೂಲ್ ಮೇಲೆ ಕೂತು ಹೊಲೀತೀನಿ. ಇದನ್ನಾದ್ರೆ ಎಳಕ್ಕಾಗಲ್ಲ ಅವನಿಗೆ" ಎಂದ. ಅವಳ ಮುಖ ನೋಡದೆ ಹೊರಟುಹೋದ.

ಅಜ್ಜಿಯ ಮಂಚ ಅವಳ ಆಸ್ಪತ್ರೆ ಖರ್ಚಿಗೇ ಮಾರಿಹೋಗಿತ್ತು. ಕೋಣೆಯಲ್ಲಿ ಭಾರವಾದದ್ದು ಬೇರೇನೂ ಇರಲಿಲ್ಲ. ಚಿಕ್ಕಮ್ಮ ಹಳೆಯ ಬಟ್ಟೆಯನ್ನು ಉದ್ದಕ್ಕೆ ಹರಿದು, ಒಂದು ತುದಿಯನ್ನು ಕುರ್ಚಿಯ ಕಾಲಿಗೆ ಬಿಗಿದಳು. ಇನ್ನೊಂದು ತುದಿಯನ್ನು ಗುಂಡುವಿನ ಕಾಲಿಗೆ ಸುತ್ತಿದವಳು ಗಂಟು ಹಾಕದೆ ಕೈ ಬಿಟ್ಟಳು. ಟಿಕ್ಕಮ್ಮ ಕೆಳಗೆ ಕೂತು ಗಂಟು ಹಾಕಿದಳು. ಗಂಟಿಗೂ ಚರ್ಮಕ್ಕೂ ನಡುವೆ ಒಂದು ಬೆರಳು ಹೋಗುವಷ್ಟು ಸಡಿಲ ಬಿಟ್ಟಳು. ಗುಂಡು ಅದನ್ನು ಹೊಸ ಆಟಿಕೆಯೆಂಬಂತೆ ನೋಡಿದ. ತಂಗಿ ಆಗಲೇ ಹೊರಟು ಹೋಗಿದ್ದಳು. ಇದನ್ನು ನೋಡಲಾರೆ ಎಂದೇ ಮುಂಚೆ ಹೊರಟಿದ್ದಳಂತೆ.

ಕೂಸು ಬಾಗಿಲ ಕಡೆ ಅಂಬೆಗಾಲಿಟ್ಟಿತು. ಪಟ್ಟಿ ಬಿಗಿಯಾಯಿತು. ತಿರುಗಿ ಕಾಲನ್ನು ನೋಡಿಕೊಂಡಿತು. ಇನ್ನೊಮ್ಮೆ ಜಗ್ಗಿತು. ತುಟಿ ನಡುಗಿತು.

"ಒಂದೂರಲ್ಲಿ ಒಬ್ಬ ರಾಜ ಇದ್ದ ಗುಂಡೂ" ಎಂದಳು ಟಿಕ್ಕಮ್ಮ. ಅವನು ಅಳು ತಡೆದು ಅವಳ ಬಾಯಿಯನ್ನೇ ನೋಡಿದ. "ಅವನು ಒಂದು ದಿನ ಹರಕು ಕಂಬಳಿ ಹೊದ್ಕೊಂಡು, ಯಾರಿಗೂ ಹೇಳದೆ, ಒಬ್ಬನೇ ಹೊರಟನಂತೆ..."

"ಹೊತ್ತಾಯ್ತು ಕಣೇ" ಎಂದಳು ಚಿಕ್ಕಮ್ಮ, ಚಪ್ಪಲಿ ಮೆಟ್ಟಿ ಹೊಸಿಲಲ್ಲಿ ನಿಂತು. "ನಿಮ್ಮ ಮೇಡಂ ಕಾಯ್ತಿರ್ತಾರೆ."

ಟಿಕ್ಕಮ್ಮ ಎದ್ದಳು. ರಾಜ ಇನ್ನೂ ದಾರಿಯಲ್ಲೇ ಇದ್ದ. ಚಿಕ್ಕಮ್ಮ ಬಾಗಿಲೆಳೆದು ಚಿಲಕ ಹಾಕಿದಳು. ಬೋರ್ಡಿನವರೆಗೆ ಇಬ್ಬರೂ ಒಟ್ಟಿಗೆ ನಡೆದರು. ಹಿಂದಿನಿಂದ ಅಳು ಕೇಳುತ್ತಿತ್ತು. ಅದರ ನಡುನಡುವೆ ಟಿಕ್ಕಮ್ಮ ಕಿವಿಗೊಟ್ಟಳು, ಕಬ್ಬಿಣ ನೆಲಕ್ಕೆ ಉಜ್ಜುವ ಸದ್ದು ಬರುತ್ತದೇನೋ ಎಂದು. ಬರಲಿಲ್ಲ.